ಆರಾಮಿಲ್ಲ ಎಂದರೆ ಸಾಕೇ?

ಹೊಸಪೇಟೆಯಲ್ಲಿ ಬೆಳಗಿನ ಮೊದಲ ಚಹಾ ಮುಗಿಯುವಷ್ಟರಲ್ಲಿ ಅರ್ಧ ಊರಿನ ಸುದ್ದಿ ಮುಗಿದಿರುತ್ತದೆ. ಬಸ್ ನಿಲ್ದಾಣದ ಸುತ್ತಿನ ಅಂಗಡಿಗಳಿಂದ ಮಿರ್ಚಿ, ಮಂಡಕ್ಕಿ ಒಗ್ಗರಣೆಯ ಘಾಟು ಏಳುತ್ತದೆ. ಕಂಪ್ಲಿ, ಸಂಡೂರು, ಕಮಲಾಪುರದ ಬಸ್ಸುಗಳು ಒಂದಷ್ಟು ಜನರನ್ನು ಇಳಿಸಿ, ಅದಕ್ಕಿಂತ ಹೆಚ್ಚು ಜನರನ್ನು ತುಂಬಿಕೊಂಡು ಹೊರಡುತ್ತವೆ. ಅಷ್ಟರಲ್ಲಿ ಯಾರೋ ಫೋನಿನಿಂದ ತಲೆಯೆತ್ತಿ, ದನಿ ತಗ್ಗಿಸಿ, ‘ಅವರಿಗೆ ಆರಾಮಿಲ್ಲಂತ’ ಎನ್ನುತ್ತಾರೆ. ‘ಏನಾಗೈತಂತ?’ ‘ಹೇಳವಲ್ರು. ದೊಡ್ಡ ಬ್ಯಾನಿ ಅಂತಾರ.’

ನಮ್ಮ ಸೀಮೆಯ ಮಾತಿನಲ್ಲಿ ‘ಆರಾಮಿಲ್ಲ’ ಎಂಬುದು ನೆಗಡಿಗೂ ಸಲ್ಲುತ್ತದೆ, ಕೊನೆಯುಸಿರಿಗೂ ಸಲ್ಲುತ್ತದೆ. ಅದನ್ನು ಕೇಳಿದವರು ಎಷ್ಟು ಹೆದರಬೇಕು ಎಂಬುದನ್ನು ತಾವೇ ಅಂದಾಜು ಮಾಡಿಕೊಳ್ಳಬೇಕು.

2024ರ ನವೆಂಬರ್ ಮತ್ತು ಡಿಸೆಂಬರಿನಲ್ಲಿ ಈ ಅಂದಾಜು ಜೋರಾಗಿತ್ತು. ನಟ ಶಿವರಾಜ್‌ಕುಮಾರ್ ತಮಗೆ ಆರೋಗ್ಯದ ತೊಂದರೆ ಇದೆ, ಚಿಕಿತ್ಸೆ ನಡೆದಿದೆ, ಮುಂದೆ ಶಸ್ತ್ರಚಿಕಿತ್ಸೆಯೂ ಆಗಬೇಕು ಎಂದು ತಾವಾಗಿ ಹೇಳಿದ್ದರು. ಕಾಯಿಲೆಯ ಹೆಸರನ್ನು ಮೊದಮೊದಲು ಹೇಳಿರಲಿಲ್ಲ. ತಮ್ಮ ಪುನೀತ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ, ಒಂದು ಬೆಳಗಿನೊಳಗೆ ಇಲ್ಲವಾಗಿದ್ದರು. ಆ ಪುನೀತ್‌ಗೆ ವೃತ್ತದಲ್ಲಿ ಪ್ರತಿಮೆ ನಿಲ್ಲಿಸಿಕೊಂಡ ಊರು ಹೊಸಪೇಟೆ. ಇಲ್ಲಿಯ ಅಭಿಮಾನಿಗಳಿಗೆ ಅಣ್ಣನ ಸುದ್ದಿಯನ್ನು ಹಗುರವಾಗಿ ಕೇಳಿಸಿಕೊಳ್ಳುವ ಶಕ್ತಿ ಉಳಿದಿರಲಿಲ್ಲ.

ಡಿಸೆಂಬರ್ 24ರಂದು ಅಮೆರಿಕದ ಮಿಯಾಮಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. 2025ರ ಹೊಸ ವರ್ಷದ ದಿನ ಅವರು ಪತ್ನಿ ಗೀತಾ ಜೊತೆ ವಿಡಿಯೊದಲ್ಲಿ ಕಾಣಿಸಿಕೊಂಡರು. ಮೂತ್ರಕೋಶದ ಕ್ಯಾನ್ಸರ್, ಆ ಚೀಲವನ್ನೇ ತೆಗೆದು ಕರುಳಿನ ಭಾಗದಿಂದ ಹೊಸದನ್ನು ಕಟ್ಟಿದ ಶಸ್ತ್ರಚಿಕಿತ್ಸೆ, ಈಗ ಕ್ಯಾನ್ಸರ್ ಇಲ್ಲವೆಂಬ ವೈದ್ಯರ ವರದಿ, ಎಲ್ಲವೂ ಜನರಿಗೆ ತಿಳಿದವು. ಅದುವರೆಗೆ ಹರಿದಾಡಿದ್ದ ಗುಸುಗುಸು ನಿಂತಿತು.

ಶಿವಣ್ಣ ಹೇಳಲೇಬೇಕಿತ್ತೇ? ಇಲ್ಲ. ನಟನ ದೇಹ ನಟನದು. ಆದರೆ ನಮ್ಮ ತೆರಿಗೆ, ನಮ್ಮ ನೀರು, ನಮ್ಮ ಪೊಲೀಸರ ಮೇಲೆ ಅಧಿಕಾರ ನಡೆಸುವ ಮಂತ್ರಿಗೂ ಇದೇ ಮಾತು ಅನ್ವಯಿಸುತ್ತದೆಯೇ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಆ ಪ್ರಶ್ನೆಯನ್ನು ಎದುರಿಟ್ಟುಕೊಂಡು ನೋಡಲು ಬಳ್ಳಾರಿ ಸೀಮೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲವೇನೊ.

ಬಳ್ಳಾರಿಗೆ ಬಂದ ಇಬ್ಬರು

1999ರ ಲೋಕಸಭಾ ಚುನಾವಣೆಯನ್ನು ಇಲ್ಲಿಯ ಹಿರಿಯರು ಇನ್ನೂ ನಿನ್ನೆಯಂತೆ ನೆನೆಯುತ್ತಾರೆ. ಕಾಂಗ್ರೆಸ್ಸಿನಿಂದ ಸೋನಿಯಾ ಗಾಂಧಿ, ಬಿಜೆಪಿಯಿಂದ ಸುಷ್ಮಾ ಸ್ವರಾಜ್. ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದ ಸುಷ್ಮಾ, 56,100 ಮತಗಳಿಂದ ಸೋತರೂ ಬಳ್ಳಾರಿಯ ನಂಟು ಬಿಡಲಿಲ್ಲ. ಮುಂದೆ ಹಲವು ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಇಲ್ಲಿಗೆ ಬಂದು ಪೂಜೆಗೆ ಕುಳಿತರು. ಗೆದ್ದ ಸೋನಿಯಾ ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು.

ಮುಂದೆ ಇಬ್ಬರಿಗೂ ಕಾಯಿಲೆ ಬಂತು. ಇಬ್ಬರೂ ಹಿಡಿದ ದಾರಿ ಪೂರ್ವ ಪಶ್ಚಿಮ.

2011ರ ಆಗಸ್ಟ್ 4ರಂದು ಕಾಂಗ್ರೆಸ್ ಪಕ್ಷ ಒಂದು ಪ್ರಕಟಣೆ ಕೊಟ್ಟಿತು. ಸೋನಿಯಾ ಗಾಂಧಿ ವಿದೇಶದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದಾರೆ, ಎರಡು ಮೂರು ವಾರ ಇರುವುದಿಲ್ಲ, ಕುಟುಂಬದ ಖಾಸಗಿತನವನ್ನು ಗೌರವಿಸಿ, ಅಷ್ಟೆ. ಯಾವ ಕಾಯಿಲೆ ಎಂದು ಹೇಳಲಿಲ್ಲ. ಅವರ ಗೈರಿನಲ್ಲಿ ಪಕ್ಷ ನೋಡಿಕೊಳ್ಳಲು ಎ.ಕೆ. ಆಂಟನಿ, ಅಹ್ಮದ್ ಪಟೇಲ್, ಜನಾರ್ದನ ದ್ವಿವೇದಿ, ರಾಹುಲ್ ಗಾಂಧಿ ಎಂಬ ನಾಲ್ವರ ಹೆಸರನ್ನು ಮಾತ್ರ ಹೇಳಲಾಯಿತು. ಅದೇ ತಿಂಗಳು ದೆಹಲಿಯಲ್ಲಿ ಅಣ್ಣಾ ಹಜಾರೆ ಉಪವಾಸ ಕೂತರು. ಆಳುವ ಮೈತ್ರಿಕೂಟದ ಅಧ್ಯಕ್ಷೆ ಊರಲ್ಲಿರಲಿಲ್ಲ. ಸೆಪ್ಟೆಂಬರಿನಲ್ಲಿ ಅವರು ಮರಳಿದರು. ಕಾಯಿಲೆ ಏನೆಂದು ಪಕ್ಷ ಆಮೇಲೂ ಹೇಳಲಿಲ್ಲ.

2016ರ ನವೆಂಬರ್ 16ರ ಬೆಳಿಗ್ಗೆ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ತಾವೇ ಟ್ವಿಟರ್‌ನಲ್ಲಿ ಬರೆದರು: ಮೂತ್ರಪಿಂಡ ವಿಫಲವಾಗಿ ಏಮ್ಸ್‌ನಲ್ಲಿದ್ದೇನೆ, ಡಯಾಲಿಸಿಸ್ ನಡೆಯುತ್ತಿದೆ, ಕಸಿಗಾಗಿ ಪರೀಕ್ಷೆಗಳಾಗುತ್ತಿವೆ. ಮೂರು ನಾಲ್ಕು ವಾಕ್ಯ. ಅದರಲ್ಲಿ ಕಾಯಿಲೆಯೂ ಇತ್ತು, ಆಸ್ಪತ್ರೆಯೂ ಇತ್ತು, ಮುಂದೇನು ಎಂಬುದೂ ಇತ್ತು. ತಮ್ಮ ಕಿಡ್ನಿ ಕೊಡುತ್ತೇವೆಂದು ಎಲ್ಲ ಧರ್ಮದವರೂ ಮುಂದೆ ಬಂದಾಗ, ಕಿಡ್ನಿಗೆ ಧರ್ಮದ ಚೀಟಿ ಇರುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಡಿಸೆಂಬರ್ 10ರಂದು ಕಸಿ ನಡೆಯಿತು. ಚೇತರಿಸಿಕೊಂಡು ಖಾತೆಯನ್ನು ಮುಂದುವರಿಸಿದರು. 2018ರ ನವೆಂಬರಿನಲ್ಲಿ, ಆರೋಗ್ಯದ ಕಾರಣಕ್ಕೆ ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲವೆಂದು ತಾವೇ ಪ್ರಕಟಿಸಿದರು. 2019ರ ಆಗಸ್ಟ್ 6ರಂದು ತೀರಿಕೊಂಡರು.

ಇಬ್ಬರನ್ನು ತಕ್ಕಡಿಯಲ್ಲಿಟ್ಟು ಒಬ್ಬರನ್ನು ಇಳಿಸಿ ಒಬ್ಬರನ್ನು ಏರಿಸುವುದು ನನಗೆ ಬೇಕಿಲ್ಲ. ಸೋನಿಯಾ ಸಚಿವೆಯಾಗಿರಲಿಲ್ಲ, ಕಡತಕ್ಕೆ ಸಹಿ ಹಾಕುವ ಕೈ ಅವರದಾಗಿರಲಿಲ್ಲ. ಆದರೂ ರಾಷ್ಟ್ರೀಯ ಸಲಹಾ ಮಂಡಳಿಯ ಅಧ್ಯಕ್ಷೆಯಾಗಿ, ಮೈತ್ರಿಕೂಟದ ಮುಖ್ಯಸ್ಥೆಯಾಗಿ ಅವರ ಮಾತಿಗೆ ಎಷ್ಟು ತೂಕವಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು. ಆ ತೂಕಕ್ಕೆ ತಕ್ಕಷ್ಟಾದರೂ ಮಾಹಿತಿ ಜನರಿಗೆ ಸಿಗಬೇಕಿತ್ತು ಎಂದು ನನಗೆ ಅನಿಸುತ್ತದೆ. ನಾಲ್ವರ ಹೆಸರು ಹೇಳಿದ್ದು ಸರಿಯಾದ ಹೆಜ್ಜೆಯೇ. ಯಾರು ನೋಡಿಕೊಳ್ಳುತ್ತಾರೆ, ಸುಮಾರು ಎಷ್ಟು ದಿನ ಎಂದು ಹೇಳಿದ ಪಕ್ಷ, ಅದಕ್ಕಿಂತ ಮುಂದೆ ಹೋಗಲಿಲ್ಲ.

ಚಿನ್ನದ ತೂಕ ಗೊತ್ತು, ಬಿಪಿ ಗೊತ್ತಿಲ್ಲ

ಚುನಾವಣೆಗೆ ನಿಲ್ಲುವವರು ನಾಮಪತ್ರದ ಜೊತೆ ‘ನಮೂನೆ 26’ ಎಂಬ ಪ್ರಮಾಣಪತ್ರ ಸಲ್ಲಿಸಬೇಕು. ಸುಪ್ರೀಂ ಕೋರ್ಟ್ 2002 ಮತ್ತು 2003ರಲ್ಲಿ ಕೊಟ್ಟ ತೀರ್ಪುಗಳ ಫಲ ಅದು. ಅಭ್ಯರ್ಥಿಯ ಮೇಲಿನ ಪ್ರಕರಣಗಳು, ಹೊಲ ಮನೆ, ಸಾಲ, ಓದು, ಹೆಂಡತಿಯ ಕೊರಳಲ್ಲಿರುವ ಚಿನ್ನದ ತೂಕ ಎಲ್ಲವೂ ಅದರಲ್ಲಿರುತ್ತದೆ. ಆರೋಗ್ಯದ ಬಗ್ಗೆ ಒಂದೂ ಪ್ರಶ್ನೆಯಿಲ್ಲ. ಲಾರಿ ಓಡಿಸುವವನು ಲೈಸೆನ್ಸ್ ನವೀಕರಿಸಲು ವೈದ್ಯರ ಸರ್ಟಿಫಿಕೇಟ್ ತರಬೇಕು. ಜಿಲ್ಲೆಯನ್ನೇ ನಡೆಸುವ ಸಚಿವರು ತರಬೇಕಿಲ್ಲ.

ಸಂವಿಧಾನದಲ್ಲೂ ಈ ಜಾಗ ಖಾಲಿಯೇ. ರಾಷ್ಟ್ರಪತಿ ಕಾಯಿಲೆಯಿಂದ ಕೆಲಸ ಮಾಡಲಾಗದಿದ್ದರೆ ಉಪರಾಷ್ಟ್ರಪತಿ ಆ ಕೆಲಸ ನೋಡಿಕೊಳ್ಳುತ್ತಾರೆಂದು 65ನೇ ವಿಧಿ ಹೇಳುತ್ತದೆ. 1961ರಲ್ಲಿ ರಾಜೇಂದ್ರ ಪ್ರಸಾದ್ ಹಾಸಿಗೆ ಹಿಡಿದಾಗ ರಾಧಾಕೃಷ್ಣನ್ ಹಾಗೆ ನೋಡಿಕೊಂಡದ್ದೂ ಉಂಟು. ಪ್ರಧಾನಿಗೆ, ಮುಖ್ಯಮಂತ್ರಿಗೆ ಇಂಥ ಏರ್ಪಾಡಿಲ್ಲ. ಅಮೆರಿಕದವರು 1967ರಲ್ಲಿ ತಮ್ಮ ಸಂವಿಧಾನಕ್ಕೆ 25ನೇ ತಿದ್ದುಪಡಿ ತಂದು, ಅಧ್ಯಕ್ಷರು ಅಶಕ್ತರಾದರೆ ಅದನ್ನು ಯಾರು ಹೇಗೆ ತೀರ್ಮಾನಿಸಬೇಕೆಂದು ಬರೆದುಕೊಂಡರು. ನಮ್ಮಲ್ಲಿ ಅದು ಪಕ್ಷದ ಹೈಕಮಾಂಡಿನ, ಮನೆಯವರ, ಆಸ್ಪತ್ರೆಯ ನಡುವಿನ ಮಾತುಕತೆಗೆ ಬಿಟ್ಟ ವಿಷಯ.

ಇನ್ನೊಂದು ಕಡೆ ಖಾಸಗಿತನದ ಹಕ್ಕು ಗಟ್ಟಿಯಾಗಿ ನಿಂತಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ನಮ್ಮವರೇ. ಅದಕ್ಕೂ ಮೊದಲು, 2015ರಲ್ಲಿ, ನ್ಯಾಯಮೂರ್ತಿಗಳ ವೈದ್ಯಕೀಯ ವೆಚ್ಚದ ವಿವರ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತ್ತು. ಇವತ್ತು ಔಷಧಿಯ ಖರ್ಚು ಕೇಳಿದವರು ನಾಳೆ ಕಾಯಿಲೆ ಯಾವುದೆಂದು ಕೇಳುತ್ತಾರೆ ಎಂಬುದು ಪೀಠದ ಆತಂಕ. ರೋಗಿಯ ಗುಟ್ಟು ಕಾಯಬೇಕಾದ್ದು ವೈದ್ಯರ ವೃತ್ತಿಧರ್ಮವೂ ಹೌದು. ರೋಗಿ ಮಂತ್ರಿ ಎಂದ ಮಾತ್ರಕ್ಕೆ ಅದು ಸಡಿಲವಾಗುವುದಿಲ್ಲ.

ಪಕ್ಕದ ಗೋವಾದಲ್ಲಿ ಈ ಪ್ರಶ್ನೆ ನೇರವಾಗಿ ಕೋರ್ಟಿನ ಬಾಗಿಲು ತಟ್ಟಿತು. ಮುಖ್ಯಮಂತ್ರಿ ಮನೋಹರ್ ಪರ್ರೀಕರ್ 2018ರ ಫೆಬ್ರುವರಿಯಿಂದ ಆಸ್ಪತ್ರೆಗಳಿಗೆ ಹೋಗಿಬರುತ್ತಿದ್ದರು. ಅದು ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಅವರದೇ ಸಂಪುಟದ ಆರೋಗ್ಯ ಸಚಿವರು ಬಾಯಿಬಿಟ್ಟಿದ್ದು ಅಕ್ಟೋಬರಿನಲ್ಲಿ. ಅವರ ಆರೋಗ್ಯದ ವಿವರ ಬಹಿರಂಗಪಡಿಸಬೇಕೆಂದು ಕೋರಿದ ಅರ್ಜಿಯನ್ನು ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. ಮೂಗಿಗೆ ನಳಿಕೆ ಹಾಕಿಕೊಂಡೇ ಅವರು ಮಾಂಡೋವಿ ಸೇತುವೆ ನೋಡಲು ಬಂದರು, ಬಜೆಟ್ ಮಂಡಿಸಿದರು. 2019ರ ಮಾರ್ಚ್ 17ರಂದು ನಿಧನರಾದರು. ಆ ನಳಿಕೆಯ ಚಿತ್ರ ನೋಡಿ ಕೆಲವರು ಕೈಮುಗಿದರು, ಕೆಲವರು ಇದು ಸರಿಯೇ ಎಂದು ಕೇಳಿದರು. ಎರಡೂ ನ್ಯಾಯವಾಗಿತ್ತು.

ಹೇಳಿದರೆ ಕುರ್ಚಿ ಹೋದೀತು

ರಾಜಕಾರಣಿಗಳು ಯಾಕೆ ಮುಚ್ಚಿಡುತ್ತಾರೆಂದು ಬೈಯುವ ಮುನ್ನ ಕರ್ನಾಟಕದ ಒಂದು ಹಳೆಯ ಗಾಯವನ್ನು ನೆನೆಯಬೇಕು. 1989ರಲ್ಲಿ ಭಾರಿ ಬಹುಮತದೊಂದಿಗೆ ಕಾಂಗ್ರೆಸ್ಸನ್ನು ಅಧಿಕಾರಕ್ಕೆ ತಂದು ಮುಖ್ಯಮಂತ್ರಿಯಾದವರು ವೀರೇಂದ್ರ ಪಾಟೀಲ. ಮರುವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಅದೇ ಹೊತ್ತಿಗೆ ರಾಮನಗರ, ಚನ್ನಪಟ್ಟಣಗಳಲ್ಲಿ ಗಲಭೆ ಎದ್ದಿತ್ತು. 1990ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬಂದ ರಾಜೀವ್ ಗಾಂಧಿ, ಹಾಸಿಗೆಯಲ್ಲಿದ್ದ ಪಾಟೀಲರನ್ನು ಕಂಡು, ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲಿಯೇ ಮುಖ್ಯಮಂತ್ರಿ ಬದಲಾಗುತ್ತಾರೆ ಎಂದುಬಿಟ್ಟರು. ರಾಷ್ಟ್ರಪತಿ ಆಳ್ವಿಕೆ ಒಂದು ವಾರ ಬಂದುಹೋಯಿತು. ಅಕ್ಟೋಬರ್ 17ರಂದು ಬಂಗಾರಪ್ಪ ಪ್ರಮಾಣ ವಚನ ಸ್ವೀಕರಿಸಿದರು.

ಆ ನಿರ್ಧಾರದ ರಾಜಕೀಯ ಫಲವನ್ನು ಕಾಂಗ್ರೆಸ್ ದಶಕಗಳ ಕಾಲ ಉಂಡಿತು. ನನ್ನನ್ನು ಹೆಚ್ಚು ಕಾಡುವುದು ಅದರ ಇನ್ನೊಂದು ಪಾಠ. ಹಾಸಿಗೆ ಹಿಡಿದವನ ಕುರ್ಚಿ ಅಲ್ಲಾಡುತ್ತದೆ, ಅದೂ ಅವನನ್ನು ಕೇಳದೆ, ವೈದ್ಯರ ಮಾತಿಗೆ ಕಾಯದೆ, ವಿಮಾನ ಹತ್ತುವ ಮುನ್ನ ಆಡುವ ಒಂದು ಮಾತಿನಲ್ಲಿ, ಎಂದು ಅಂದಿನ ಪ್ರತಿಯೊಬ್ಬ ರಾಜಕಾರಣಿಯೂ ಕಣ್ಣಾರೆ ಕಂಡ. ಕಂಡವನು ತನ್ನ ಬಿಪಿಯನ್ನು, ಸಕ್ಕರೆಯನ್ನು, ಎದೆನೋವನ್ನು ಮನೆಯ ಬಾಗಿಲಾಚೆ ಬಿಟ್ಟಾನೆಯೇ? ‘ರುಟೀನ್ ಚೆಕಪ್’ ಎಂಬ ಮಾತು ನಮ್ಮ ರಾಜಕಾರಣದಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿರುವುದು ಸುಮ್ಮನೆ ಅಲ್ಲ. ಪ್ರಾಮಾಣಿಕವಾಗಿ ಹೇಳಿಕೊಂಡವರಿಗೆ ರಕ್ಷಣೆ ಇಲ್ಲದ ಕಡೆ ಪ್ರಾಮಾಣಿಕತೆಯನ್ನು ಬೇಡುವುದು ಅರ್ಧ ನ್ಯಾಯ.

ಹಂಪಿಯ ಅರಮನೆಯ ಮೆಟ್ಟಿಲಲ್ಲಿ

ಆಳುವವನ ದೇಹ ಆಳಿಸಿಕೊಳ್ಳುವವರ ಚಿಂತೆಯೂ ಆಗುತ್ತದೆಂಬುದು ಹಂಪಿಯ ಕಲ್ಲುಗಳಿಗೆ ಹೊಸದಲ್ಲ. ಹೆರಾತಿನ ಶಾರುಖ್ ದೊರೆಯ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ತಾನು ಕಲ್ಲಿಕೋಟೆಯಲ್ಲಿದ್ದಾಗ ಇಲ್ಲಿ ನಡೆದ ಒಂದು ಘಟನೆಯನ್ನು ದಾಖಲಿಸಿದ್ದಾನೆ. ಎರಡನೇ ದೇವರಾಯನ ತಮ್ಮನೇ ಸಂಚು ಹೂಡಿ, ಔತಣದ ನೆಪದಲ್ಲಿ ಸರದಾರರನ್ನು ಕೊಲ್ಲಿಸಿ, ಕೊನೆಗೆ ಅಣ್ಣನಿಗೂ ಕಠಾರಿ ಹಾಕಿದ. ರಾಯ ಸತ್ತನೆಂದೇ ತಿಳಿದು ಅರಮನೆಯ ಮುಂದೆ ನಿಂತು, ಇನ್ನು ನಾನೇ ನಿಮ್ಮ ದೊರೆ ಎಂದು ನೆರೆದವರಿಗೆ ಸಾರತೊಡಗಿದ. ಅಷ್ಟರಲ್ಲಿ ಗಾಯಗೊಂಡಿದ್ದ ದೇವರಾಯ ಹೊರಗೆ ಬಂದು, ನಾನು ಬದುಕಿದ್ದೇನೆ, ಅವನನ್ನು ಹಿಡಿಯಿರಿ ಎಂದು ಕೂಗಿದ. ಜನ ತಮ್ಮನ ಮೇಲೆ ಮುಗಿಬಿದ್ದರು.

ರಕ್ತ ಸುರಿಯುತ್ತಿದ್ದ ದೊರೆ ಜನರೆದುರು ಬರಲೇಬೇಕಾಯಿತು. ಕಾಣದ ದೊರೆ ಸತ್ತ ದೊರೆಗೆ ಸಮ ಎಂಬುದನ್ನು ಅವನೂ ಬಲ್ಲ, ತಮ್ಮನೂ ಬಲ್ಲ.

ಕೃಷ್ಣದೇವರಾಯನದು ಇದಕ್ಕಿಂತ ಮೆಲುದನಿಯ ಕತೆ. ಅವನು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಂತೆ, ರಾಯ ಬೆಳಗಾವಿಯ ಮೇಲೆ ದಂಡೆತ್ತಲು ಅಣಿಯಾಗುತ್ತಿದ್ದಾಗ ತೊಡೆಸಂದಿಯ ನೋವಿನಿಂದ ಮಲಗಿದ. ಅದೇ ನೋವು ಅವನ ಹಿಂದಿನ ಅರಸರನ್ನೂ ಬಲಿ ತೆಗೆದುಕೊಂಡಿತ್ತು ಎಂದು ಊರಿನ ನಂಬಿಕೆ. ನೋಡಿ, ಅರಮನೆಯೊಳಗಿನ ನೋವು ದೇಹದ ಯಾವ ಭಾಗದ್ದೆಂಬುದು ಪರದೇಶದ ಕುದುರೆ ವ್ಯಾಪಾರಿಯ ಕಿವಿಗೂ ಬಿದ್ದಿತ್ತು! ರಾಯನ ಮಗ ಇನ್ನೂ ಒಂದೂವರೆ ವರ್ಷದ ಕೂಸು. ಚಂದ್ರಗಿರಿಯ ಕೋಟೆಯಲ್ಲಿದ್ದ ಅಚ್ಯುತನನ್ನು ಉತ್ತರಾಧಿಕಾರಿ ಎಂದು ಹೆಸರಿಸಿ ಅವನು ಕಣ್ಣುಮುಚ್ಚಿದ. ಸಾವಿನ ಸುದ್ದಿ ತಲುಪಿದ್ದೇ ತಡ ಬಿಜಾಪುರದ ಸುಲ್ತಾನ ರಾಯಚೂರು, ಮುದಗಲ್ಲುಗಳನ್ನು ಹಿಡಿದ.

ಆ ಕಾಲದಲ್ಲಿ ರಾಜನ ಕಾಯಿಲೆ ಶತ್ರುವಿಗೆ ಆಹ್ವಾನ. ಗುಟ್ಟು ಕಾಯುವುದಕ್ಕೆ ಕೋಟೆ ಕಾಯುವಷ್ಟೇ ಅರ್ಥವಿತ್ತು. ಪ್ರಜಾಪ್ರಭುತ್ವದಲ್ಲಿ ಆ ವಾದ ಉಳಿಯುವುದಿಲ್ಲ, ಯಾಕೆಂದರೆ ಗುಟ್ಟನ್ನು ಈಗ ಕಾಯುತ್ತಿರುವುದು ಮತ ಕೊಟ್ಟವರಿಂದಲೇ.

ಎಪ್ಪತ್ತೈದು ದಿನದ ಮೌನ

ಗುಟ್ಟು ನೆರೆರಾಜ್ಯದ ನೀರಿಗೂ ಹೇಗೆ ತಾಗುತ್ತದೆಂಬುದನ್ನು ಕನ್ನಡಿಗರು 2016ರಲ್ಲಿ ಕಂಡರು. ಮೇಲುಕೋಟೆಯಲ್ಲಿ ಹುಟ್ಟಿ ತಮಿಳುನಾಡಿನ ಮುಖ್ಯಮಂತ್ರಿಯಾದ ಜಯಲಲಿತಾ ಸೆಪ್ಟೆಂಬರ್ 22ರಂದು ಚೆನ್ನೈನ ಆಸ್ಪತ್ರೆಗೆ ದಾಖಲಾದರು. ಜ್ವರ, ನಿರ್ಜಲೀಕರಣ ಎಂದು ಮೊದಲ ಪ್ರಕಟಣೆ. ಅದು ಕಾವೇರಿ ಹೊತ್ತಿ ಉರಿಯುತ್ತಿದ್ದ ತಿಂಗಳು. ಮುಖ್ಯಮಂತ್ರಿ ಆಸ್ಪತ್ರೆಯಿಂದಲೇ ಕಾವೇರಿ ಸಭೆ ನಡೆಸಿದರೆಂದು ತಮಿಳುನಾಡು ಸರ್ಕಾರ ಹೇಳಿತು. ದೆಹಲಿಯ ಸಭೆಯಲ್ಲಿ ಸಿದ್ದರಾಮಯ್ಯ ಖುದ್ದಾಗಿ ಕುಳಿತಿದ್ದರೆ, ಆ ಕಡೆಯಿಂದ ಜಯಲಲಿತಾ ಹೆಸರಿನ ಭಾಷಣವನ್ನು ಬೇರೆಯವರು ಓದಿದರು. ನಾವು ಯಾರೊಡನೆ ಮಾತಾಡುತ್ತಿದ್ದೇವೆ ಎಂಬುದು ಕರ್ನಾಟಕಕ್ಕೆ ತಿಳಿದಿತ್ತೇ?

ಅಕ್ಟೋಬರಿನಲ್ಲಿ ಅವರ ಖಾತೆಗಳು ಸಚಿವ ಪನ್ನೀರ್‌ಸೆಲ್ವಂ ಪಾಲಿಗೆ ಬಂದವು. ಉಪಚುನಾವಣೆಯ ಪತ್ರಗಳ ಮೇಲೆ ಜಯಲಲಿತಾ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಬಿತ್ತು. ಮುಂದೆ 2019ರಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪರಂಕುಂಡ್ರಂ ಕ್ಷೇತ್ರದ ಆ ಆಯ್ಕೆಯನ್ನು ಅಸಿಂಧುಗೊಳಿಸಿತು. 75 ದಿನಗಳಲ್ಲಿ ಒಂದು ಫೋಟೊ ಕೂಡ ಹೊರಬರಲಿಲ್ಲ. ಡಿಸೆಂಬರ್ 5ರಂದು ಅವರು ತೀರಿಕೊಂಡ ಮೇಲೂ ಅನುಮಾನ ಸಾಯಲಿಲ್ಲ. ವಿಚಾರಣಾ ಆಯೋಗ ಬಂತು, ಅದು ಮುಗಿಯಲು 2022 ಆಯಿತು.

ಇಂಥ ದಿನಗಳಲ್ಲಿ ನಾವು ಓದುವ ‘ಹೆಲ್ತ್ ಬುಲೆಟಿನ್’ ಎಂಬುದರ ಭಾಷೆಯನ್ನು ಕೊಂಚ ಬಿಡಿಸಿ ನೋಡಬೇಕು. ಆಸ್ಪತ್ರೆ ಅದನ್ನು ತನ್ನಷ್ಟಕ್ಕೆ ಹೊರಡಿಸುವಂತಿಲ್ಲ; ರೋಗಿ ಅಥವಾ ಮನೆಯವರು ಒಪ್ಪಿದಷ್ಟೇ ಅದರಲ್ಲಿರುತ್ತದೆ. ‘ಸ್ಥಿರವಾಗಿದ್ದಾರೆ’ ಎಂದರೆ ಚೆನ್ನಾಗಿದ್ದಾರೆ ಎಂದಲ್ಲ, ನಿನ್ನೆಗೂ ಇವತ್ತಿಗೂ ಹೆಚ್ಚು ವ್ಯತ್ಯಾಸವಿಲ್ಲ ಎಂದು. ವೆಂಟಿಲೇಟರ್ ಮೇಲಿದ್ದವರೂ ಸ್ಥಿರವಾಗಿರಬಹುದು. ‘ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ’ ಎಂಬುದು ಎಷ್ಟರ ಮಟ್ಟಿಗೆ ಎಂದು ಹೇಳುವುದಿಲ್ಲ. ಕೊನೆಗೆ ಬರುವ ‘ಹೃದಯ ಸ್ತಂಭನ’ ಎಂಬ ಮಾತಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಎಲ್ಲ ಸಾವಿನಲ್ಲೂ ಹೃದಯ ನಿಲ್ಲುತ್ತದೆ; ಯಾಕೆ ನಿಂತಿತು ಎಂಬುದೇ ಪ್ರಶ್ನೆ. ರಕ್ತನಾಳ ಕಟ್ಟಿ ಆಗುವ ಹೃದಯಾಘಾತವೇ ಬೇರೆ, ಹೃದಯ ಬಡಿಯುವುದನ್ನೇ ನಿಲ್ಲಿಸುವ ಸ್ತಂಭನವೇ ಬೇರೆ. ಒಂದು ಇನ್ನೊಂದಕ್ಕೆ ಕಾರಣವಾಗಬಹುದು, ಅಷ್ಟೆ.

ಹೆಸರಿಡಲು ಅಂಜುವ ಮನೆಗಳು

ಸಂಡೂರಿನ ಗಣಿ ಕಾರ್ಮಿಕನ ಮನೆಯಿರಲಿ, ಕಂಪ್ಲಿಯ ಗದ್ದೆಯ ರೈತನ ಮನೆಯಿರಲಿ, ಕ್ಯಾನ್ಸರ್ ಎಂಬ ಮಾತನ್ನು ಪೂರ್ತಿ ಉಚ್ಚರಿಸುವ ಮನೆ ಕಡಿಮೆ. ‘ಗಡ್ಡಿ ಆಗೈತಿ’ ಎನ್ನುತ್ತಾರೆ, ‘ಬೆಂಗಳೂರಿಗೆ ತೋರ್ಸಾಕ ಹೋಗ್ಯಾರ’ ಎನ್ನುತ್ತಾರೆ. ಅಲ್ಲಿನ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯ ಹೆಸರೆತ್ತಿದರೆ ಸಾಕು, ಕೇಳಿದವರು ಮುಂದೆ ಕೇಳುವುದಿಲ್ಲ. ಮಗಳ ಮದುವೆ ನಿಂತೀತೆಂದು ತಾಯಿಯ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಎಷ್ಟೋ ಸಲ ಊರಿಗೆಲ್ಲ ಗೊತ್ತಿದ್ದು ರೋಗಿಗೆ ಮಾತ್ರ ಗೊತ್ತಿರುವುದಿಲ್ಲ. ಮುಚ್ಚಿಟ್ಟಷ್ಟು ದಿನ ಚಿಕಿತ್ಸೆ ತಡವಾಗುತ್ತದೆ, ತಡವಾದಷ್ಟು ಗಡ್ಡೆ ಬೆಳೆಯುತ್ತದೆ.

ಇಂಥ ಕಡೆ ಹೆಸರಾಂತ ವ್ಯಕ್ತಿಯೊಬ್ಬರು ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿಗಳಿವೆ. ಪುನೀತ್ ತೀರಿಕೊಂಡ ಮರುದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೊರರೋಗಿ ವಿಭಾಗಕ್ಕೆ ಜನ ನುಗ್ಗಿ ಬಂದರು. ಹೆದರಿ ಓಡಿಬರಬೇಡಿ ಎಂದು ಅಂದಿನ ನಿರ್ದೇಶಕ ಡಾ. ಸಿ.ಎನ್. ಮಂಜುನಾಥ್ ಕೇಳಿಕೊಳ್ಳಬೇಕಾಯಿತು. ಮುಂದೆ ರಾಜ್ಯ ಸರ್ಕಾರ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ತಂದಿತು. ಎದೆನೋವಿನಿಂದ ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನು ಅಲ್ಲಿಂದಲೇ ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಅದು. ಪುನೀತ್ ಏನನ್ನೂ ಮುಚ್ಚಿಟ್ಟವರಲ್ಲ. ಅವರ ಸಾವಿಗೆ ಹೃದಯ ಕಾರಣವೆಂದು ತಿಳಿದದ್ದೇ ಇಷ್ಟನ್ನು ಮಾಡಿತು.

ಎಚ್.ಡಿ. ಕುಮಾರಸ್ವಾಮಿ 2023ರ ಆಗಸ್ಟ್ ಕೊನೆಯಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ, ಕೆಲವೇ ದಿನಗಳಲ್ಲಿ ಚೇತರಿಸಿಕೊಂಡು ಪತ್ರಕರ್ತರ ಮುಂದೆ ಕೂತರು. ಇದು ನನಗೆ ಮೂರನೇ ಜನ್ಮ ಎಂದರು. ಲಕ್ಷಣ ಕಂಡ ಕೂಡಲೇ ಆಸ್ಪತ್ರೆಗೆ ಹೋಗಿ, ಉದಾಸೀನ ಮಾಡಬೇಡಿ ಎಂದು ಜನರನ್ನು ಕೇಳಿಕೊಂಡರು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಮದ್ದು ಕೆಲಸ ಮಾಡುವುದು ಮೊದಲ ನಾಲ್ಕೂವರೆ ಗಂಟೆಯೊಳಗೆ. ಬಾಯಿ ಸೊಟ್ಟಗಾದರೆ ‘ಗಾಳಿ ಹೊಡೆದೈತಿ’ ಎಂದು ಔಷಧಿ ಎಣ್ಣೆ ಹುಡುಕಿಕೊಂಡು ಹೋಗುವ ನಮ್ಮ ಹಳ್ಳಿಗಳಲ್ಲಿ, ಮಾಜಿ ಮುಖ್ಯಮಂತ್ರಿಯ ಆ ಮಾತು ನೂರು ಭಿತ್ತಿಪತ್ರಗಳಿಗಿಂತ ದೂರ ಹೋಗುತ್ತದೆ. 1990ರಲ್ಲಿ ಒಬ್ಬರ ಕುರ್ಚಿ ಕಿತ್ತುಕೊಂಡ ಅದೇ ಕಾಯಿಲೆಯನ್ನು ಇನ್ನೊಬ್ಬರು ಮೈಕಿನ ಮುಂದೆ ಹೆಸರಿಟ್ಟು ಕರೆಯುವಷ್ಟು ಕಾಲ ಬದಲಾಗಿದೆ.

ಎಲ್ಲರಿಗೂ ಆ ಅವಕಾಶ ಸಿಗುವುದಿಲ್ಲ. ಕೇಂದ್ರ ಸಚಿವ ಅನಂತಕುಮಾರ್ ಶ್ವಾಸಕೋಶದ ಕ್ಯಾನ್ಸರಿಗೆ ವಿದೇಶದಲ್ಲಿ ಚಿಕಿತ್ಸೆ ಪಡೆದು ಮರಳಿ, 2018ರ ನವೆಂಬರ್ 12ರಂದು, 59ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಅಷ್ಟು ಜರ್ಜರಿತರಾಗಿದ್ದರೆಂದು ರಾಜ್ಯದ ಬಹುಪಾಲು ಜನರಿಗೆ ತಿಳಿದದ್ದು ಕೊನೆಯ ಕೆಲವು ವಾರಗಳಲ್ಲಿ. ಅಗ್ಗದ ಜನೌಷಧಿ ಮಳಿಗೆಗಳು, ಹೃದಯದ ಸ್ಟೆಂಟ್‌ಗಳ ಬೆಲೆಗೆ ಮಿತಿ, ಇವೆಲ್ಲ ಅವರ ಸಚಿವಾಲಯದ ಅಡಿಯಲ್ಲೇ ಬರುತ್ತಿದ್ದವು. ಕಾಯಿಲೆಯ ಬೆಲೆಯನ್ನು ಅಷ್ಟು ಹತ್ತಿರದಿಂದ ಬಲ್ಲವರ ಬಾಯಿಂದ ಕಾಯಿಲೆಯ ಮಾತೂ ಬಂದಿದ್ದರೆ ಎಂದು ಅನಿಸುತ್ತದೆ. ಆದರೆ ಕಾಯಿಲೆಯವರಿಗೆ ಉಳಿದಿರುವ ದಿನಗಳು ಅವರವು. ಅವನ್ನು ಪ್ರಚಾರಕ್ಕೆ ಕೊಡಿ ಎಂದು ಕೇಳಲು ನಮಗೆ ಬಾಯಿಲ್ಲ.

ಎಷ್ಟು ಹೇಳಬೇಕು?

ನನ್ನ ಮಟ್ಟಿಗೆ ಗೆರೆ ಇಲ್ಲಿದೆ. ಚುನಾಯಿತ ಅಧಿಕಾರದಲ್ಲಿರುವವರು ಕಾಯಿಲೆಯ ಹೆಸರು, ಸ್ಕ್ಯಾನ್, ಔಷಧಿ ಚೀಟಿ ತೋರಿಸಬೇಕಿಲ್ಲ. ಕೆಲಸ ಮಾಡಬಲ್ಲರೇ, ಎಷ್ಟು ದಿನ ದೂರ ಇರುತ್ತಾರೆ, ಅಷ್ಟು ದಿನ ಸಹಿ ಯಾರದು ಎಂದು ಹೇಳಲೇಬೇಕು. ಚಿಕಿತ್ಸೆಯ ವೆಚ್ಚ ಸರ್ಕಾರದ ಬೊಕ್ಕಸದಿಂದ ಹೋಗುವುದಾದರೆ ಮೊತ್ತವೂ ಗೊತ್ತಾಗಬೇಕು. ಕೋವಿಡ್ ಕಾಲದಲ್ಲಿ ಹೀಗೆ ಹೇಳಿಕೊಳ್ಳುವುದು ತಾನಾಗಿ ನಡೆಯಿತು. 2020ರ ಆಗಸ್ಟ್ 2ರಂದು ಮುಖ್ಯಮಂತ್ರಿ ಯಡಿಯೂರಪ್ಪ ತಮಗೆ ಸೋಂಕು ತಗುಲಿದೆ ಎಂದು ತಾವೇ ತಿಳಿಸಿದರು. ಎರಡು ದಿನದಲ್ಲಿ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಕೂಡ. ಆಕಾಶವೇನೂ ಕಳಚಿ ಬೀಳಲಿಲ್ಲ.

ಅದರ ಜೊತೆಗೇ, ರಜೆಯ ಮೇಲಿರುವ ಮಂತ್ರಿಯನ್ನು ಕಾಯಿಲೆಯ ನೆಪದಲ್ಲಿ ರಾತ್ರೋರಾತ್ರಿ ಇಳಿಸದಂತೆ ಒಂದು ಕ್ರಮವೂ ಬೇಕು. ಇಷ್ಟು ತಿಂಗಳು ಗುಣವಾಗಲು ಸಮಯ, ಅಶಕ್ತರೆಂದು ಹೇಳಲು ವೈದ್ಯರ ಮಂಡಳಿ, ಅಂತಿಮ ತೀರ್ಮಾನ ಸದನದಲ್ಲಿ. ಅಂಥ ಕ್ರಮ 1990ರಲ್ಲಿ ಇದ್ದಿದ್ದರೆ ವೀರೇಂದ್ರ ಪಾಟೀಲರು ಹಾಸಿಗೆಯಿಂದಲೇ ತಮ್ಮ ಮಾತು ಹೇಳಬಹುದಿತ್ತು. ನಟರು, ಆಟಗಾರರು, ಸ್ವಾಮೀಜಿಗಳು, ಸಾಹಿತಿಗಳನ್ನು ಈ ಲೆಕ್ಕಕ್ಕೆ ತರಬಾರದು. ಅವರು ಹೇಳಿದರೆ ಕೃತಜ್ಞತೆಯಿಂದ ಕೇಳೋಣ. ಹೇಳದಿದ್ದರೆ ಆಸ್ಪತ್ರೆಯ ಗೇಟಿನಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವುದು, ಬದುಕಿದ್ದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಶ್ರದ್ಧಾಂಜಲಿ ಹಾಕುವುದು ಬೇಡ.

ಡಯಾಲಿಸಿಸ್ ಎಂದರೆ ವಾರಕ್ಕೆ ಎರಡೋ ಮೂರೋ ಸಲ, ಪ್ರತಿ ಸಲ ನಾಲ್ಕು ಗಂಟೆ, ತೋಳಿಗೆ ಎರಡು ದಪ್ಪ ಸೂಜಿ. ಕಂಪ್ಲಿಯಿಂದ, ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಪಟ್ಟಣದ ಆಸ್ಪತ್ರೆಗೆ ಬರುವವರು ಮಧ್ಯಾಹ್ನದ ಹೊತ್ತಿಗೆ ಸೋತ ಮುಖ ಹೊತ್ತು ಹಿಂದಿರುಗುತ್ತಾರೆ. ಏನಾಗೈತಿ ಎಂದು ಪಕ್ಕದ ಸೀಟಿನವರು ಕೇಳಿದರೆ, ತೋಳಿನ ಪಟ್ಟಿಯ ಮೇಲೆ ಸೆರಗೆಳೆದುಕೊಂಡು, ‘ಏನಿಲ್ರಿ, ಸ್ವಲ್ಪ ಆರಾಮಿಲ್ಲ’ ಎನ್ನುತ್ತಾರೆ. ಅವರದೇ ಸೀಮೆಯಲ್ಲಿ ಕನ್ನಡದಲ್ಲಿ ಮತ ಕೇಳಿ ಹೋಗಿದ್ದ ಹೆಣ್ಣುಮಗಳೊಬ್ಬಳು, ದೇಶದ ವಿದೇಶಾಂಗ ಸಚಿವೆಯಾಗಿದ್ದಾಗ, ನನ್ನ ಕಿಡ್ನಿ ಹೋಗಿದೆ, ಡಯಾಲಿಸಿಸ್ ಮೇಲಿದ್ದೇನೆ ಎಂದು ಎಲ್ಲರೆದುರು ಬರೆದಿದ್ದಳೆಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.